ಕಲೆ ಒಳ್ಳೆಯದು

ಚಿತ್ರಸಂತೆಗೆ ನನ್ನ ಬಾಮೈದ ಟೇಪು ತಂದಿದ್ದ. ಬಡಗಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಗುಂಡಿ ಒತ್ತಿದರೆ ಸರ್ರನೆ ಒಳಗೆ ಹೋಗುವ ಹಳದಿ ಟೇಪು, ಅದು. ಜನವರಿಯ ಭಾನುವಾರ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಬಂದ್. ಫುಟ್‌ಪಾತಿನ ತುಂಬ ಚಿತ್ರ, ಚಿತ್ರದ ಮುಂದೆ ಸೆಲ್ಫಿ, ಸೆಲ್ಫಿಯ ಹಿಂದೆ ಚುರುಮುರಿ. ಅಷ್ಟು ಜನಸಾಗರದಲ್ಲಿ ಕಲೆಯ ಬಗ್ಗೆ ಖಚಿತ ನಿಲುವಿದ್ದವನು ಇವನೊಬ್ಬನೇ.

“ಭಾವ, ನಮಗೆ ಬೇಕಾಗಿರೋದು ನಾಲ್ಕಡಿ ಬೈ ಮೂರಡಿ. ಸೋಫಾ ಕಂದು ಬಣ್ಣ. ಮ್ಯಾಚ್ ಆಗ್ಬೇಕು.”

“ಯಾವುದರ ಚಿತ್ರ ಬೇಕೋ?”

“ಯಾವುದಾದ್ರೂ ಆಗ್ಲಿ. ಹಿಂದಿರೋದು ಮುಚ್ಕೊಂಡ್ರೆ ಸಾಕು.”

ಹಿಂದಿರುವುದು ಕಲೆ. ಮೇಲಿನ ಮನೆಯವರ ಬಚ್ಚಲಿನಿಂದ ಜಿನುಗಿ ಜಿನುಗಿ, ಕನಕಪುರ ರಸ್ತೆಯ ಆ ಅಪಾರ್ಟ್‌ಮೆಂಟಿನ ಹಾಲ್ ಗೋಡೆಯಲ್ಲಿ ಎರಡು ವರ್ಷದಿಂದ ಮೈಕೈ ತುಂಬಿಕೊಳ್ಳುತ್ತಿರುವ ಕಲೆ. ಅಂಚಿಗೆ ಕಂದು, ನಡುವೆ ತೆಳು ಹಸಿರು; ಸೋಫಾದ ಎಡಗಡೆ ಕೂತು ನೋಡಿದರೆ ಆಫ್ರಿಕಾ ಖಂಡ. ಬಣ್ಣಗಾರಿಕೆಯ ದೃಷ್ಟಿಯಿಂದ ಹೇಳುವುದಾದರೆ ಅವತ್ತು ಸಂತೆಯಲ್ಲಿ ಕಂಡ ಎಷ್ಟೋ ಅಮೂರ್ತ ಚಿತ್ರಗಳಿಗಿಂತ ಅದೇ ವಾಸಿ. ಇರಲಿ. ಕಲೆಯ ಸ್ವರೂಪವೇನು, ಪ್ರಯೋಜನವೇನು, ವಸ್ತುವೇನು ಎಂದು ಎರಡು ದಿನದ ವಿಚಾರ ಸಂಕಿರಣ ಮಾಡಿ ಮಧ್ಯಾಹ್ನಕ್ಕೆ ಹೋಳಿಗೆ ಊಟ ಹಾಕಿಸುವವರು ಒಮ್ಮೆ ಕನ್ನಡ ನಿಘಂಟು ತೆರೆದಿದ್ದರೆ ಖರ್ಚು ಉಳಿಯುತ್ತಿತ್ತು. ಎರಡಕ್ಕೂ ನಮ್ಮಲ್ಲಿ ಒಂದೇ ಪದ. ಕಲೆ ಇರುವುದು ಕಲೆ ಮುಚ್ಚುವುದಕ್ಕೆ.

ಮೊದಲು ನಿಂತದ್ದು ಮೈಸೂರು ಶೈಲಿಯ ರಾಜರಾಜೇಶ್ವರಿಯ ಮುಂದೆ. ಬರೆದವರಿಗೆ ಎಪ್ಪತ್ತರ ಆಸುಪಾಸು. ಮಡಚುವ ಕುರ್ಚಿ, ಪಕ್ಕದಲ್ಲಿ ಸ್ಟೀಲಿನ ಟಿಫನ್ ಡಬ್ಬಿ. ಕಿರೀಟಕ್ಕೆ ಗೆಸ್ಸೊ ಹಚ್ಚಿ ಮೇಲೆ ಚಿನ್ನದ ರೇಕು ಕೂರಿಸಿದ್ದರು. ತಂಜಾವೂರಿನವರ ಹಾಗೆ ದಪ್ಪಗೆ ಎಬ್ಬಿಸಿರಲಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ಉಬ್ಬು. ರೆಪ್ಪೆಗೂದಲು ಒಂದೊಂದೂ ಬೇರೆ ಬೇರೆ ಗೆರೆ. ನಾನಿನ್ನೂ ಕಣ್ಣಿನಲ್ಲೇ ಇದ್ದೆ, ಬಾಮೈದ ಟೇಪು ಬಿಚ್ಚಿ ಆಗಿತ್ತು.

“ಎರಡು ಬೈ ಒಂದೂವರೆ. ಸ್ಕ್ವೇರ್ ಫೀಟಿಗೆ ಎಷ್ಟು ಬೀಳುತ್ತೆ ಸರ್?”

ಹಿರಿಯರು ಕನ್ನಡಕ ತೆಗೆದರು. “ಸೈಟು ನೋಡೋಕೆ ಬಂದಿದ್ದೀರಾ ಸ್ವಾಮಿ?”

“ಅಲ್ಲ ಸರ್, ದೊಡ್ಡದು ಮಾಡಿಸಿದ್ರೆ ರೇಟು ಇಳಿಯುತ್ತಾ ಅಂತ.”

“ದೊಡ್ಡದು ಮಾಡಿದ್ರೂ ಅಮ್ಮನಿಗೆ ಕೈ ನಾಲ್ಕೇ,” ಎಂದು ಅವರು ಟಿಫನ್ ಡಬ್ಬಿಯ ಮುಚ್ಚಳ ತೆಗೆದರು. ಚಿತ್ರಾನ್ನ.

ಬಾಮೈದನನ್ನು ನೋಡಿ ನಗುವ ಹಾಗಿಲ್ಲ. ಅವನ ಬಳಗ ದೊಡ್ಡದು, ದೇಶ ವಿದೇಶಗಳಲ್ಲಿ ಹಬ್ಬಿದೆ. 1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಬರ್ಡ್ ಇನ್ ಸ್ಪೇಸ್’ ಫ್ರಾನ್ಸಿನಿಂದ ಹಡಗೇರಿ ನ್ಯೂಯಾರ್ಕಿನಲ್ಲಿ ಇಳಿಯಿತು. ಫಳಫಳ ಉಜ್ಜಿದ ಕಂಚಿನ ನೀಳ ತುಂಡು. ಕೊಕ್ಕಿಲ್ಲ, ಪುಕ್ಕವಿಲ್ಲ, ಕಾಲಿಲ್ಲ. ಕಲಾಕೃತಿಯಾದರೆ ಸುಂಕವಿಲ್ಲ ಎಂಬುದು ಅಲ್ಲಿನ ಕಾನೂನು. ಕಸ್ಟಮ್ಸ್‌ನವರು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹಕ್ಕಿಯ ಲಕ್ಷಣ ಒಂದೂ ಕಾಣದೆ, ಅಡುಗೆಮನೆ ಸಾಮಾನು ಮತ್ತು ಆಸ್ಪತ್ರೆ ಸಲಕರಣೆಗಳ ಪಟ್ಟಿಗೆ ಸೇರಿಸಿ ಶೇ. 40 ಸುಂಕ ಜಡಿದರು. ಕೇಸು ನಡೆಯಿತು. ಕಾಡಿನಲ್ಲಿ ಇದು ಕಣ್ಣಿಗೆ ಬಿದ್ದರೆ ಹಕ್ಕಿಯೆಂದು ಗುಂಡು ಹೊಡೆಯುತ್ತೀರಾ ಎಂದು ಸಾಕ್ಷಿ ಹೇಳಲು ಬಂದವರನ್ನು ಕೋರ್ಟಿನಲ್ಲಿ ಕೇಳಿದ್ದೂ ಆಯಿತು. ಕಡೆಗೆ 1928ರಲ್ಲಿ ತೀರ್ಪು ಬಂತು: ಸೌಟಲ್ಲ, ಕಲೆ. ಅಷ್ಟಕ್ಕೆ ಎರಡು ವರ್ಷ! ನನ್ನ ಬಾಮೈದ ಆ ಪೀಠದಲ್ಲಿದ್ದಿದ್ದರೆ ಎರಡು ನಿಮಿಷ: ಉದ್ದ ಇದೆ, ಅಗಲ ಇಲ್ಲ, ಏನನ್ನೂ ಮುಚ್ಚೋದಿಲ್ಲ. ಸೌಟೇ.

ಮಧ್ಯಾಹ್ನದ ಹೊತ್ತಿಗೆ ಕುದುರೆಗಳು ಸಿಕ್ಕವು. ಏಳು ಬಿಳಿ ಕುದುರೆ, ಕಡಲ ದಂಡೆ, ಹಿಂದೆ ಕಿತ್ತಳೆ ಸೂರ್ಯ. ಇದಕ್ಕೊಂದು ಶಾಸ್ತ್ರವೇ ಇದೆ. ಆರಾದರೆ ಆಗದು, ಎಂಟಾದರೆ ಆಗದು. ಮುಖ ಮನೆಯ ಒಳಗಡೆಗೇ ಇರಬೇಕು. ಬಾಗಿಲ ಕಡೆ ಓಡಿದವೋ, ಸಂಬಳವೂ ಅವುಗಳ ಹಿಂದೆಯೇ ಓಡುತ್ತದೆ. ಇದೆಲ್ಲ ಯಾವ ಕಾಲದ ಕಂದಾಚಾರ ಎಂದು ಬೈಯಲು ಬಾಯಿ ತೆರೆದವನು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ನೆನಪಾಗಿ ಬಾಯಿ ಮುಚ್ಚಿದೆ. ಮನೆಯ ಗೋಡೆಗೆ ಶೃಂಗಾರ, ಹಾಸ್ಯ, ಶಾಂತ ರಸದ ಚಿತ್ರ ಸಾಕು. ಯುದ್ಧ, ಸ್ಮಶಾನ, ಅಮಂಗಳದ ಚಿತ್ರ ಗೃಹಸ್ಥನಿಗೆ ಬೇಡ. ನವರಸಕ್ಕೂ ಅರಮನೆಯ ಸಭೆ, ದೇವಾಲಯಗಳಿವೆ ಎಂಬುದು ಅದರ ವಿಧಿ. ಅಂದರೆ ಶಾಸ್ತ್ರ ಬಾಮೈದನ ಪಕ್ಷ. ಒಂದೇ ಕೊರತೆ: ಚಿತ್ರಸೂತ್ರ ಬರೆದವನು ಸೋಫಾದ ಹಿಂದಿನ ಗೋಡೆಯನ್ನು ಮಾತ್ರ ಲೆಕ್ಕಕ್ಕಿಟ್ಟಿದ್ದ. ಎದುರಿನ ಗೋಡೆಯಲ್ಲಿ ಟಿ.ವಿ. ಬಂದು, ದಿನಾ ರಾತ್ರಿ ಒಂಬತ್ತರ ಚರ್ಚೆಯಲ್ಲಿ ರೌದ್ರ, ಭಯಾನಕ, ಬೀಭತ್ಸಗಳು ಮನೆಮಂದಿಯ ಜೊತೆ ಊಟಕ್ಕೆ ಕೂರುತ್ತವೆಂದು ಅವನಿಗೆ ಹೊಳೆಯಲಿಲ್ಲ.

ಮನೆಯೊಳಗಿನ ಕಲೆಗೆ ಕುದುರೆ ಸರಿ. ಬೀದಿಯ ಕಲೆಗೆ ದೇವರೇ ಆಗಬೇಕು. ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಕಾಂಪೌಂಡು. ಮೂರಡಿ ಎತ್ತರದಲ್ಲಿ ಸಾಲಾಗಿ ಟೈಲ್ಸು: ಗಣಪತಿ, ತಿರುಪತಿ ತಿಮ್ಮಪ್ಪ, ಶಿಲುಬೆ, ಮೆಕ್ಕಾ, ಮತ್ತೆ ಗಣಪತಿ. ಯಾವ ಸೌಹಾರ್ದ ಸಮಾವೇಶದ ವೇದಿಕೆಯಲ್ಲೂ ಇವರು ಇಷ್ಟು ಒತ್ತೊತ್ತಾಗಿ ಕೂತದ್ದನ್ನು ನಾನು ಕಂಡಿಲ್ಲ. ಸೇರಿಸಿದ್ದು ಭಕ್ತಿಯಲ್ಲ, ಮೂತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಅಗ್ಗದ ಕಾಗದದ ಮೇಲೆ ಇಳಿಸಿದಾಗ, ಗುಡಿಯ ಹೊಸ್ತಿಲು ದಾಟುವ ಅವಕಾಶವಿಲ್ಲದವರ ಮನೆಗೂ ದೇವರು ನಡೆದು ಹೋದ. ಕಲೆ ಇದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಕಡಿಮೆ. ಈಗ ಅದೇ ದೇವರಿಗೆ ದೇವರ ಕೋಣೆಯಿಂದ ಬೀದಿಗೆ ವರ್ಗಾವಣೆ. ರಾತ್ರಿ ಪಾಳಿ, ಸಂಬಳವಿಲ್ಲದ ವಾಚ್‌ಮನ್ ಕೆಲಸ. ಹತ್ತಿರದಲ್ಲಿ ಒಂದು ಶೌಚಾಲಯ ಕಟ್ಟಿಸಬಹುದಿತ್ತು. ಆದರೆ ಅದಕ್ಕೆ ನೀರು ಬೇಕು, ಬೀಗ ಬೇಕು, ತೊಳೆಯುವವರು ಬೇಕು. ಟೈಲ್ಸಿಗೆ ಒಂದು ಬೊಗಸೆ ಸಿಮೆಂಟು.

ಇನ್ನು ಪಾಲಿಕೆ. ಫ್ಲೆಕ್ಸ್ ಬಂದು ಸಿನಿಮಾ ಬ್ಯಾನರ್ ಬರೆಯುವವರ ಹೊಟ್ಟೆಯ ಮೇಲೆ ಹೊಡೆದ ಮೇಲೆ, ಅಣ್ಣಾವ್ರ ಕಣ್ಣಿಗೆ ಮಿಂಚು ತುಂಬುತ್ತಿದ್ದ ಆ ಕೈಗಳಿಗೆ ಬೆಂಗಳೂರಿನ ಗೋಡೆಗಳನ್ನು ಕೊಟ್ಟರು. ಹುಲಿ, ಆನೆ, ಹಂಪಿಯ ಕಲ್ಲಿನ ರಥ, ಜೋಗ. ಕೆಲಸ ಸಿಕ್ಕಿದ್ದು ಒಳ್ಳೆಯದೇ, ಬಿಡಿ. ನಮ್ಮ ಕಡೆಯ ಗೋಡೆಯಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಚೆನ್ನಾಗಿ ಬಂದಿದ್ದವು. ವಾರದೊಳಗೆ ಸಾರ್ವಜನಿಕರು ಬುಡದಲ್ಲಿ ಐದನೆಯದನ್ನು ಸೇರಿಸಿದರು.

ಈ ಮುಚ್ಚುವ ಪರಂಪರೆಗೆ ತಿರುಗಿ ಬಿದ್ದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದವರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಗೆ ಕೆರೆಯ ಹಸಿರು ಬಣ್ಣ ಬಳಿದು, ಒಳಗೊಂದು ನಿಜಗಾತ್ರದ ಫೈಬರ್ ಮೊಸಳೆಯನ್ನು ಮಲಗಿಸಿದರು. ತಿಂಗಳುಗಟ್ಟಲೆ ಆ ಗುಂಡಿಯನ್ನು ಸುತ್ತಿ ಹೋಗುತ್ತಿದ್ದವರಿಗೆಲ್ಲ ಅಂದು ಅದು ಮೊದಲ ಸಲ ಕಾಣಿಸಿತು. ಪೇಪರಿನವರು ಬಂದರು, ಕ್ಯಾಮೆರಾ ಬಂತು, ಹಿಂದೆಯೇ ಜಲ್ಲಿ ಬಂತು. 2019ರಲ್ಲಿ ಇನ್ನೊಂದು ರಸ್ತೆಯ ಹೊಂಡಗಳ ಮೇಲೆ ಬೆಳ್ಳಿ ಬಣ್ಣದ ಗಗನಯಾತ್ರಿಯ ವೇಷದಲ್ಲಿ ಒಬ್ಬರನ್ನು ನಿಧಾನಕ್ಕೆ ನಡೆಸಿದರು; ವಿಡಿಯೊ ನೋಡುವವರು ಚಂದ್ರಲೋಕವೆಂದೇ ನಂಬಿರುವಾಗ ಪಕ್ಕದಲ್ಲಿ ಆಟೋ ಹಾದುಹೋಯಿತು. ಆ ರಸ್ತೆಗೂ ರಿಪೇರಿ ಭಾಗ್ಯ. ಕಲಾವಿಮರ್ಶಕರು ಬಾಂಡ್ಲಿ ಹಿಡಿದು ಓಡಿಬಂದ ನಿದರ್ಶನ ಪ್ಯಾರಿಸ್ಸಿನಲ್ಲೂ ಇರಲಾರದು. ಕಲೆಯನ್ನೂ ತೆಗೆದರು, ಕಲೆಯನ್ನೂ ತೆಗೆದರು, ರಸ್ತೆ ಸಾಫಾಯಿತು. ಅಂದಿನಿಂದ ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ಅರ್ಜಿ ಬರೆಯುವುದನ್ನು ಬಿಟ್ಟು, ಮೊಸಳೆ ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದಾರೆ.

ಕುದುರೆಗಳು ಸಂತೆಯಿಂದ ಕ್ಯಾಬಿನಲ್ಲಿ ಬಂದು ಗೋಡೆ ಏರಿದವು. ಡ್ರಿಲ್ ಹಾಕಿದಾಗ ಒಂದು ಹಿಡಿ ಒದ್ದೆ ಗಾರೆ ಸೋಫಾದ ಮೇಲೆ ಉದುರಿತು. ಸೋಫಾ ಕಂದು, ಕಾಣಲಿಲ್ಲ. ಯುಗಾದಿಗೆ ಹೋದಾಗ ಫ್ರೇಮಿನ ಕೆಳಗಿನಿಂದ ಆಫ್ರಿಕಾದ ತುದಿ ಗೇಣುದ್ದ ಇಣುಕಿತ್ತು. ಹೋಳಿಗೆಗೆ ಬಂದಿದ್ದ ಅವನ ಆಫೀಸಿನವರೊಬ್ಬರು ತಲೆ ಓರೆ ಮಾಡಿ ನೋಡಿ, ಕುದುರೆ ಓಡುವಾಗ ಎದ್ದ ಧೂಳನ್ನು ಗೋಡೆಗೂ ತಂದಿದ್ದಾರೆ, ಎಂಥಾ ಕಲ್ಪನೆ, ಎಂದರು. ಬಾಮೈದ ವಿನಯದಿಂದ ನಕ್ಕ.

ಮೊನ್ನೆ ಫೋನು. “ಭಾವ, ಮುಂದಿನ ಚಿತ್ರಸಂತೆ ಯಾವ ಭಾನುವಾರ? ಈ ಸಲ ಆರಡಿ ಬೈ ನಾಲ್ಕು ಬೇಕಾಗುತ್ತೆ.”

“ಮೊದಲು ಪ್ಲಂಬರ್‌ನ ಕರೆಸೋ.”

“ಪ್ಲಂಬರ್ ಬರಬೇಕು ಅಂದ್ರೆ ಮೇಲಿನ ಮನೆಯೋರು ಒಪ್ಪಬೇಕು. ಅವರು ಒಪ್ಪಬೇಕು ಅಂದ್ರೆ ಅಸೋಸಿಯೇಷನ್ ಮೀಟಿಂಗ್ ಕರೀಬೇಕು. ಆಮೇಲೆ ಬಚ್ಚಲು ಅಗೀಬೇಕು. ಚಿತ್ರಕ್ಕಾದ್ರೆ ಎರಡು ಮೊಳೆ, ಭಾವ.”

ಆ ಕಡೆಯಿಂದ ಟೇಪು ಸರ್ರನೆ ಒಳಗೆ ಹೋದ ಸದ್ದು ಕೇಳಿಸಿತು.