ಗ್ಲೈಡರಪ್ಪನಿಗೆ ನಾಲೆ ನೀರು ಆಗದು

ಕೆಆರ್‌ಎಸ್ 124.80 ಅಡಿ ಮುಟ್ಟಿತು, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಅಂದರೆ ಮಂಡ್ಯ ಜಿಲ್ಲೆಯಲ್ಲಿ ಮುಖ ಸಪ್ಪೆ ಮಾಡಿಕೊಳ್ಳುವ ಪ್ರಾಣಿ ಇದ್ದೀತೆ? ಇದೆ. ಅವನೇ ಗ್ಲೈಡರಪ್ಪ. ಇಂಥ ಮಾತನ್ನು ಮಂಡ್ಯದಲ್ಲಿ ಬಾಯಿಬಿಟ್ಟು ಆಡಿದರೆ ಹೆದ್ದಾರಿ ತಡೆಯುವ ಜನ ಮೊದಲು ಅವನ ಸ್ಕೂಟರ್ ತಡೆದಾರು. ಅದಕ್ಕೇ ಜೊತೆಯವರ ಹತ್ತಿರ ಮಾತ್ರ, ಅದೂ ದನಿ ತಗ್ಗಿಸಿ, "ಈ ಸಲ ಒಸಿ ಬೇಗ ಬುಟ್ಬುಟ್ರು ಕಣಣ್ಣ" ಅನ್ನುತ್ತಾನೆ.

ಅವನ ಸಂಕಟ ಸುಳ್ಳಲ್ಲ. ಅವನು ಪಂದ್ಯಕ್ಕೆ ಹಾರಿಸುವುದು ರಿಮೋಟ್ ಗ್ಲೈಡರು. ಮೂರೂವರೆ ಮೀಟರ್ ರೆಕ್ಕೆಯ ಆ ಬಿಳಿ ವಿಮಾನವನ್ನು ಎತ್ತಿ ಹಿಡಿಯುವುದು ನೆಲದಿಂದ ಏಳುವ ಬಿಸಿಗಾಳಿ. ಉತ್ತ ಕೆಂಪು ನೆಲ ಬಿಸಿಲಿಗೆ ಬೇಗ ಕಾದು ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ನೀರು ನಿಂತ ಭತ್ತದ ಗದ್ದೆ ತಣ್ಣಗೆ ಕೂತಿರುತ್ತದೆ. ಊರಿಗೆಲ್ಲ ಹಸಿರು ಕಂಡರೆ ಜೀವ, ಇವನಿಗೆ ಬೀಳು ಬೆದ್ದಲು ಕಂಡರೆ. ಮಳವಳ್ಳಿ ಕಡೆಯ ಒಣಹೊಲದ ಮುಂದೆ ನಿಂತು "ಎಂಥಾ ಜಾಗ!" ಎಂದು ಕಣ್ಣರಳಿಸುವವನನ್ನು ಹೊಲದ ಯಜಮಾನ ಸೈಟು ಮಾಡಿಸುವ ಬ್ರೋಕರ್ ಎಂದೇ ತಿಳಿದು ರೇಟು ಹೇಳಲು ಶುರುಮಾಡುತ್ತಾನೆ.

ಆಟದ ಕಟ್ಟಳೆ ಬರುವುದು ಸ್ವಿಟ್ಜರ್‌ಲೆಂಡಿನ ಲೂಸಾನ್‌ನಲ್ಲಿರುವ ಎಫ್‌ಎಐ ಸಂಸ್ಥೆಯಿಂದ. ಈ ಬಗೆಗೆ ಅವರಿಟ್ಟ ಹೆಸರು ಎಫ್‌5ಜೆ. ಮೂಗಿನ ಮೋಟರು ಒಂದೇ ಸಲ, ಹೆಚ್ಚೆಂದರೆ 30 ಸೆಕೆಂಡು ಓಡಬೇಕು. ಆಮೇಲೆ ಹತ್ತು ನಿಮಿಷದ ಗಡುವು ಮುಗಿಯುವ ತನಕ ಗಾಳಿಯೇ ಗತಿ. ಸೆಕೆಂಡಿಗೊಂದು ಅಂಕ. ಮೋಟರಿನ ಬಲದಲ್ಲಿ ಏರಿದ ಪ್ರತಿ ಮೀಟರಿಗೆ ಅರ್ಧ ಅಂಕ ಕಡಿತ. 200 ಮೀಟರ್ ದಾಟಿದರೆ ಅಲ್ಲಿಂದಾಚೆಗೆ ಮೀಟರಿಗೆ ಮೂರು. ಇಳಿದಾಗ ಮೂಗು ಗುರುತಿನ ಒಂದು ಮೀಟರ್ ಒಳಗಿದ್ದರೆ 50 ಅಂಕ. ಒಟ್ಟಿನಲ್ಲಿ ಇದು ಜಿಪುಣರ ಆಟ. 60 ಮೀಟರಿಗೇ ಮೋಟರ್ ಆರಿಸಿ, ಗಾಳಿ ಸಿಗದೆ ಎರಡೇ ನಿಮಿಷಕ್ಕೆ ನೆಲ ಕಚ್ಚಿದವನೂ "ನಂಗೆ ಕಡಿತ ಬರೀ 30" ಎಂದು ಬೀಗುತ್ತಾನೆ.

ಮಂಡ್ಯದವನೊಬ್ಬ, ಮದ್ದೂರಿನವನೊಬ್ಬ, ಮಳವಳ್ಳಿಯವನೊಬ್ಬ ಸೇರಿದರೆ ಭಾನುವಾರದ ಪಂದ್ಯಕ್ಕೆ ಸಾಕು. ಒಬ್ಬ ಹಾರಿಸಬೇಕು, ಒಬ್ಬ ಗಡಿಯಾರ ಹಿಡಿಯಬೇಕು, ಮೂರನೆಯವ ತಕರಾರು ತೆಗೆಯಬೇಕು. ಪೊಲೀಸರು ಕೇಳಿದರೆ ಇರಲಿ ಎಂದು ಜೇಬಿನಲ್ಲಿ 2021ರ ಡ್ರೋನ್ ನಿಯಮಾವಳಿಯ ಜೆರಾಕ್ಸು, ಮಡಿಕೆ ಮಡಿಕೆಯಲ್ಲಿ ಹರಿದದ್ದು. ಇಳಿದ ಗ್ಲೈಡರಿಗೆ ಟೇಪು ಹಿಡಿದರೆ ಸರ್ವೇಯರ್ ಬಂದರೆಂದು ಪಕ್ಕದ ಹೊಲದವರು "ಬದು ನಮ್ಮದು!" ಎನ್ನುತ್ತ ಓಡಿ ಬರುತ್ತಾರೆ. ಬಂದವರು ಸುಮ್ಮನೆ ಹೋಗುವುದಿಲ್ಲ.

"ಎಷ್ಟು ಲೀಟ್ರು ಔಸ್ದಿ ಹಿಡಿತದೆ?"

"ಔಷಧಿ ಹೊಡೆಯೋದಲ್ಲ ಕಣಣ್ಣ. ಗ್ಲೈಡರು."

"ಮೋಟ್ರು ಅದಲ್ಲ?"

"ಅದೆ. ಅರ್ಧ ನಿಮಿಷ ಓಡಿ ನಿಂತೋಯ್ತದೆ."

"ನಮ್ ಪಂಪ್‌ಸೆಟ್ಟೂ ಅಂಗೇ ಬುಡು. ತ್ರೀ ಫೇಸ್ ಎಷ್ಟೊತ್ಗೆ ಕೊಡ್ತರಂತೆ?"

ಗ್ಲೈಡರಪ್ಪನಿಗೆ ಇದು ಕೇಳಿಸದು. ಮೇಲೆ ಎಡರೆಕ್ಕೆಯ ತುದಿ ಒಂದಿಷ್ಟೇ ಇಷ್ಟು ಎದ್ದಿತು. ಗಾಳಿ ಅಲ್ಲಿದೆ! ಹೆಬ್ಬೆರಳು ಕೂದಲೆಳೆಯಷ್ಟು ಅಲುಗುತ್ತದೆ, ಗ್ಲೈಡರು ಎದ್ದ ರೆಕ್ಕೆಯ ಕಡೆಗೇ ವಾಲಿ ಸುತ್ತತೊಡಗುತ್ತದೆ. ಎಲ್ಲಿಂದಲೋ ಒಂದು ಹದ್ದು ಬಂದು ಅದೇ ಸುತ್ತಿಗೆ ಕೆಳಗಿನಿಂದ ಸೇರಿಕೊಂಡು ನೋಡನೋಡುತ್ತ ಮೇಲಾಗಿಬಿಡುತ್ತದೆ. ಹದ್ದಿಗೆ ಮೋಟರೂ ಇಲ್ಲ, ಕಡಿತವೂ ಇಲ್ಲ. ಮೂರನೆಯವ ಇದಕ್ಕೂ ತಕರಾರು ತೆಗೆಯುತ್ತಾನೆ: ಹದ್ದು ದಾರಿ ತೋರಿಸಿದರೆ ಅದು ಹೊರಗಿನವರ ಸಹಾಯವಲ್ಲವೆ?

ಹಕ್ಕಿಗಳಿಂದ ಕಲಿಯುವುದು ಇವರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಜನ ಹೋಗುವುದು ಮರದ ಮೇಲಿನ ಗೂಡು, ಮರಿ ನೋಡಲು. ಗ್ಲೈಡರಪ್ಪ ಮರಗಳಿಗೆ ಬೆನ್ನು ಹಾಕಿ ಖಾಲಿ ಆಕಾಶ ನೋಡುತ್ತಾನೆ. ಅಷ್ಟು ದಡೂತಿ ಹೆಜ್ಜಾರ್ಲೆ ರೆಕ್ಕೆ ಬಡಿಯದೆ ಸುತ್ತಿ ಸುತ್ತಿ ಯಾವ ಹೊಲದ ಮೇಲೆ ಚುಕ್ಕಿಯಾಯಿತು ಎಂಬುದನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಹೆಂಡತಿ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದ ಲೆಕ್ಕವೂ ಅಲ್ಲಿಗೇ ಚುಕ್ತಾ.

ಸೋಲಿಗಿಂತ ಅವನಿಗೆ ದೊಡ್ಡ ಭಯ ಕಬ್ಬಿನದು. ಮೇಲೇಳುವ ಬಿಸಿಗಾಳಿ ನಿಂತಲ್ಲಿ ನಿಲ್ಲದು, ಬೀಸುವ ಗಾಳಿಯ ಜೊತೆಗೇ ಸಾಗುತ್ತದೆ. ಅದರ ಬೆನ್ನು ಹತ್ತಿದ ಗ್ಲೈಡರು ವಾಪಸು ಬರಲು ಎತ್ತರ ಸಾಲದೆ ಆಳುದ್ದ ಮೀರಿದ ಕಬ್ಬಿನೊಳಗೆ ಇಳಿದರೆ ಮುಗಿಯಿತು. ಹುಡುಕಲು ನುಗ್ಗಿದವನ ಮುಖ ಕೈ ಸೋಗೆಗೆ ಗೀರಿ ಉರಿಯುತ್ತದೆ, ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಗದ್ದೆಯ ಒಡೆಯ ಬದುವಿನ ಮೇಲೆ ಕೂತು ಬೀಡಿ ಹಚ್ಚಿ ಸಮಾಧಾನ ಹೇಳುತ್ತಾನೆ: "ಎಲ್ಲೋಯ್ತದೆ ಬುಡಿ ಸಾ, ಪ್ಯಾಕ್ಟ್ರಿಯೋರು ಕಟಾವಿಗೆ ಪರ್ಮಿಟ್ ಕೊಟ್ಟಾಗ ಸಿಕ್ತದೆ." ಆ ಪರ್ಮಿಟ್ಟಿಗೆ ಕಾಯುವುದು ಅಂದರೇನು ಎಂದು ಕಬ್ಬು ಬೆಳೆದವನಿಗೇ ಗೊತ್ತು. ಒಂದು ಗುಂಟೆ ಜಮೀನಿಲ್ಲದ ಗ್ಲೈಡರಪ್ಪನೂ ಈಗ ಆ ಸಾಲಿನಲ್ಲಿದ್ದಾನೆ.

ಆದ್ದರಿಂದ ಮದ್ದೂರು, ಮಳವಳ್ಳಿ ಕಡೆಯ ಬೆಳೆಗಾರರಲ್ಲಿ ಒಂದು ವಿನಂತಿ. ಕಟಾವಾದ ಮೇಲೆ ಸೋಗೆಗೆ ಬೆಂಕಿ ಇಡುವ ಮುಂಚೆ ಗದ್ದೆಯಲ್ಲಿ ಒಂದು ಸುತ್ತು ಹಾಕಿ. ಬಿಳಿ ರೆಕ್ಕೆ ಸಿಕ್ಕರೆ ಗುಜರಿಗೆ ಹಾಕಬೇಡಿ, ಕೊಟ್ಟಿಗೆಗೆ ಮರೆ ಕಟ್ಟಬೇಡಿ. ಹೇಳಿ ಕಳಿಸಿ ಸಾಕು, ಮದ್ದೂರು ವಡೆ ಅವನ ಖರ್ಚು.