ದಡ್ಡರ ಪಕ್ಷ

ಕಥೆಗಾರರಿಗೆ ಜಾಣರ ಮೇಲೆ ಮೊದಲಿನಿಂದಲೂ ಪಕ್ಷಪಾತ. ದಡ್ಡ ಅಲ್ಲಿ ಕಾಣಿಸಿಕೊಂಡರೆ ನಗಿಸುವುದಕ್ಕೆ, ಇಲ್ಲವೇ ಪೆಟ್ಟು ತಿನ್ನುವುದಕ್ಕೆ. ನಮ್ಮ ಪಂಗಡಕ್ಕೆ ನ್ಯಾಯ ಒದಗಿಸಿದ ಪುಣ್ಯಾತ್ಮರು ಹಾಂಗ್‌ಕಾಂಗ್‌ನ ಜಿನ್ ಯೋಂಗ್. 1957ರಿಂದ 1959ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ ‘ದಿ ಲೆಜೆಂಡ್ ಆಫ್ ದಿ ಕಾಂಡೋರ್ ಹೀರೋಸ್’ ಕಾದಂಬರಿಯ ನಾಯಕ ಗುವೊ ಜಿಂಗ್ ಶುದ್ಧ ದಡ್ಡ. ನಾಲ್ಕು ವರ್ಷವಾಗುವವರೆಗೆ ಅವನಿಗೆ ಮಾತೇ ಬಂದಿರಲಿಲ್ಲ.

ಅವನು ಬೆಳೆದದ್ದು ಚೆಂಗಿಸ್ ಖಾನನ ಮಂಗೋಲಿಯಾದಲ್ಲಿ. ಚೀನಾದ ದಕ್ಷಿಣದಿಂದ ಏಳು ಮಂದಿ ಗುರುಗಳು ಅವನನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಒಬ್ಬ ಮೊದಲಲ್ಲೇ ಸಾಯುತ್ತಾನೆ. ಉಳಿದ ಆರು ಮಂದಿ ವರ್ಷಗಟ್ಟಲೆ ಕಾಳಗದ ವಿದ್ಯೆ ಹೇಳಿಕೊಟ್ಟರೂ ಹುಡುಗನ ತಲೆಗೆ ಹತ್ತುವುದು ಅಷ್ಟಕ್ಕಷ್ಟೆ. ಒಬ್ಬ ಶಿಷ್ಯನಿಗೆ ಆರು ಮೇಷ್ಟ್ರು! ಓದುವಾಗ ನನ್ನ ಮರುಕವೆಲ್ಲ ಮೇಷ್ಟ್ರುಗಳ ಕಡೆಗೇ ಹರಿಯಿತು.

ಇಂಥವನಿಗೆ ಒಲಿಯುವವಳು ಹುವಾಂಗ್ ರೋಂಗ್, ಕಾದಂಬರಿಯಲ್ಲೇ ಅತಿ ಚುರುಕಿನ ಹುಡುಗಿ. ಹರಕು ಬಟ್ಟೆಯ ಹುಡುಗನ ವೇಷದಲ್ಲಿ ಸಿಕ್ಕಿ, ಅವನ ದುಡ್ಡಿನಲ್ಲಿ ದುಬಾರಿ ಊಟ ತರಿಸಿಕೊಳ್ಳುತ್ತಾಳೆ. ಇವನು ಒಂದು ಮಾತೂ ಕೇಳದೆ ಊಟ ಹಾಕಿಸಿ, ಮೈಮೇಲಿನ ತುಪ್ಪಳದ ಅಂಗಿ ಕೊಟ್ಟು, ಸಾಲದ್ದಕ್ಕೆ ತನ್ನ ಅಪರೂಪದ ಕೆಂಪು ಕುದುರೆಯನ್ನೂ ಕೊಟ್ಟುಬಿಡುತ್ತಾನೆ. ಜಾಣನಾಗಿದ್ದರೆ ಬಿಲ್ಲು ಬರುವ ಹೊತ್ತಿಗೆ ಕೈ ತೊಳೆಯಲು ಎದ್ದು ಹೋಗಿರುತ್ತಿದ್ದ. ಪ್ರೇಮಕಥೆ ಅಲ್ಲೇ ಮುಗಿಯುತ್ತಿತ್ತು.

ಮುಂದೆ ಭಿಕ್ಷುಕರ ಪಂಗಡದ ಮುಖಂಡ ಹೋಂಗ್ ಚಿಗೋಂಗ್ ಬರುತ್ತಾನೆ. ಮಹಾ ವೀರ, ಅದಕ್ಕಿಂತ ಮಹಾ ತಿಂಡಿಪೋತ. ತಿನ್ನುವ ಚಪಲಕ್ಕೆ ಬಿದ್ದು ಮುಖ್ಯ ಕೆಲಸವೊಂದನ್ನು ಕೆಡಿಸಿಕೊಂಡೆನೆಂದು ತನ್ನ ಬೆರಳನ್ನೇ ಕತ್ತರಿಸಿಕೊಂಡವನು. ಬೆರಳು ಹೋಯಿತು, ಚಪಲ ಉಳಿಯಿತು. ಹುವಾಂಗ್ ರೋಂಗ್ ಅಡುಗೆ ಮಾಡಿ ಬಡಿಸುತ್ತಾ, ಒಂದೊಂದು ಭಕ್ಷ್ಯಕ್ಕೆ ಒಂದೊಂದು ಪಟ್ಟಿನಂತೆ ಅವನ ಪ್ರಸಿದ್ಧ ಹಸ್ತವಿದ್ಯೆಯನ್ನು ಗುವೊ ಜಿಂಗ್‌ಗೆ ಕೊಡಿಸುತ್ತಾಳೆ. ಅವಳ ಒಂದು ಅಡುಗೆ ಹೀಗಿದೆ: ಉಪ್ಪು ಹಾಕಿ ಒಣಗಿಸಿದ ಹಂದಿತೊಡೆಯಲ್ಲಿ 24 ಗುಳಿ ಕೊರೆದು, ಗುಳಿಗೊಂದು ತೋಫು ಉಂಡೆ ಕೂರಿಸಿ, ಆವಿಯಲ್ಲಿ ಬೇಯಿಸಿ, ಮಾಂಸವನ್ನು ಎಸೆದು ತೋಫು ಬಡಿಸುವುದು. ಸಸ್ಯಾಹಾರಿಗಳು ಒಂದು ಕ್ಷಣ ಹಿಗ್ಗುತ್ತಾರೆ. ರುಚಿಯೆಲ್ಲ ಮಾಂಸದ್ದೇ ಎಂದು ಹೊಳೆದಾಗ ತಟ್ಟೆ ದೂರ ಸರಿಸುತ್ತಾರೆ.

ಇದೇ ಕಾದಂಬರಿಯಲ್ಲಿ ಕಾಳಗದ ವಿದ್ಯೆಯ ಒಂದು ರಹಸ್ಯ ಗ್ರಂಥವಿದೆ. ಅದರ ಕೊನೆಯ ಭಾಗ ಚೀನೀ ಅಕ್ಷರಗಳಲ್ಲಿ ಬರೆದ ಸಂಸ್ಕೃತ. ಗುವೊ ಜಿಂಗ್ ಒಂದಕ್ಷರ ಅರ್ಥವಾಗದೆ ಅಷ್ಟನ್ನೂ ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನೇ ಮಾಡಿದ ನಮಗೆ ಅಂಕ ಬಂದವು, ವಿದ್ಯೆ ಬರಲಿಲ್ಲ; ಅವನಿಗೆ ಎರಡೂ ಬಂದವು. ಅತ್ತ ಕುತಂತ್ರಿ ಓಯಾಂಗ್ ಫೆಂಗ್, ಬೇಕೆಂದೇ ತಪ್ಪುತಪ್ಪಾಗಿ ಬರೆದುಕೊಟ್ಟ ಪ್ರತಿಯನ್ನು ನಂಬಿ ಸಾಧನೆ ಮಾಡಿ, ಹುಚ್ಚು ಹಿಡಿದು ಕೈಮೇಲೆ ನಡೆಯತೊಡಗುತ್ತಾನೆ. ಅತಿ ಜಾಣತನದ ಗತಿ ಇದು.

ಜಿನ್ ಯೋಂಗ್ 2018ರಲ್ಲಿ ತೀರಿಕೊಂಡರು. ಈ ಕಾದಂಬರಿಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ಬಂದದ್ದೂ ಅದೇ ವರ್ಷ. 2021ರ ಹೊತ್ತಿಗೆ ನಾಲ್ಕೂ ಸಂಪುಟಗಳು ಬಂದವು. ಅಷ್ಟು ಓದಲು ಬಿಡುವಿಲ್ಲದವರು ಝೌ ಬೋಟೋಂಗ್ ಎಂಬ ತುಂಟ ಮುದುಕನ ಪಾಠವನ್ನಾದರೂ ಮಾಡಿ ನೋಡಬಹುದು: ಒಂದು ಕೈಯಲ್ಲಿ ಚೌಕ, ಇನ್ನೊಂದು ಕೈಯಲ್ಲಿ ವೃತ್ತ, ಎರಡನ್ನೂ ಒಟ್ಟಿಗೆ ಬರೆಯಬೇಕು. ಗುವೊ ಜಿಂಗ್‌ಗೆ ಅದು ಬಂತು, ಜಾಣೆ ಹುವಾಂಗ್ ರೋಂಗ್‌ಗೆ ಬರಲಿಲ್ಲ. ನಿಮಗೂ ಬರದಿದ್ದರೆ ಕೊರಗಬೇಡಿ, ನೀವು ಜಾಣರು. ಬಂದರೆ ನಮ್ಮ ಪಕ್ಷಕ್ಕೆ ಸ್ವಾಗತ.