ಇಂಜಿನ್‌ಗೆಂದೇ ಒಂದು ಬ್ಯಾಟರಿ

ಜುಲೈ ಮುಗಿಯುತ್ತ ಬಂದರೆ ಗಂಗೊಳ್ಳಿ ಕಡೆ ಬೇಲಿಯ ಆಚೆ ಈಚೆ ಮಾತೆಲ್ಲ ದೋಣಿಯದ್ದೇ. ಜೂನ್ 1ರಿಂದ ಜುಲೈ 31ರ ತನಕ ಒಟ್ಟು 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ಹೊಲಿಯುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚಿ ಕಟ್ಟುವುದು ಎಲ್ಲ ಆಗಲೇ. ಬ್ಯಾಟರಿಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚಾದ ಮೇಲೆ.

ನಮ್ಮ ಪಕ್ಕದ ಮನೆಯ ಅಣ್ಣನದ್ದು 28 ಅಡಿಯ ಫೈಬರ್ ದೋಣಿ. ಎರಡು ಸಿಲಿಂಡರಿನ ಡೀಸೆಲ್ ಇಂಜಿನ್, ಗಿಲ್‌ನೆಟ್ ಕಸುಬು. ಸಂಜೆ ಹೋಗಿ ಬಲೆ ಬಿಟ್ಟು, ರಾತ್ರಿಯೆಲ್ಲ ಅಲ್ಲೇ ತೇಲಿಕೊಂಡಿದ್ದು, ಬೆಳಗಿನ ಜಾವ ಬಲೆ ಎಳೆದು ಬರುವವರು. ಮೊನ್ನೆ ದಾಸವಾಳದ ಬೇಲಿಯ ಆಚೆಯಿಂದ ಕೇಳಿದರು, "ಹ್ವಾಯ್, ಈ ಸಲ ದೋಣಿಗೆ 150ರ ದೊಡ್ಡ ಬ್ಯಾಟ್ರಿ ಒಂದ್ ಹಾಕುವ ಅಂದೇಳಿ. ಎಂತ ಹೇಳ್ತ್ರಿ?"

ಬೇಡ ಅಂದೆ. ಅದೇ ದುಡ್ಡಿಗೆ ಚಿಕ್ಕದು ಎರಡು ತನ್ನಿ, ಆದರೆ ಎರಡನ್ನೂ ಒಟ್ಟಿಗೆ ಕಟ್ಟಿ ಒಂದೇ ಮಾಡಿಬಿಡಬೇಡಿ ಅಂದೆ. ಮಾತು ಅಲ್ಲಿಂದ ಶುರುವಾದದ್ದು ಕತ್ತಲಾಗುವ ತನಕ ಮುಗಿಯಲಿಲ್ಲ.

ಒಂದೇ ದೊಡ್ಡ ಬ್ಯಾಟರಿ ಇದ್ದರೆ ಆಗುವುದು ಇಷ್ಟು. ರಾತ್ರಿ ಬಲೆ ಬಿಟ್ಟು ಇಂಜಿನ್ ಬಂದ್ ಮಾಡುತ್ತೀರಿ. ಮೇಲೆ ಕೆಂಪು, ಕೆಳಗೆ ಬಿಳಿ, ಈ ಎರಡು ದೀಪ ಬೆಳಗಿನವರೆಗೆ ಉರಿಯಲೇಬೇಕು. ಬಲೆ ಬಿಟ್ಟು ನಿಂತ ದೋಣಿ ಇದು ಅಂತ ದೂರದ ಹಡಗಿಗೆ ಗೊತ್ತಾಗುವುದು ಅದರಿಂದಲೇ. ಜಿಪಿಎಸ್, ಮೀನು ನೋಡುವ ಫಿಶ್ ಫೈಂಡರ್, ವಯರ್‌ಲೆಸ್ ಎಲ್ಲ ಆನ್. ದೋಣಿಯಲ್ಲಿ ಮೂವರಿದ್ದರೆ ಮೂರು ಮೊಬೈಲ್ ಚಾರ್ಜಿಗೆ. ಇದೆಲ್ಲ ಒಂದೇ ಬ್ಯಾಟರಿಯಿಂದ ಹೋಗುತ್ತಾ ಇರುತ್ತದೆ, ಎಷ್ಟು ಹೋಯಿತು ಅಂತ ಯಾರಿಗೂ ಲೆಕ್ಕ ಇರುವುದಿಲ್ಲ. ಬೆಳಿಗ್ಗೆ ಬಲೆ ಎಳೆದು, ಐಸ್ ಹಾಕಿ, ಕೀ ತಿರುಗಿಸಿದರೆ ಸೆಲ್ಫ್ 'ಟಕ್' ಅಂದು ಸುಮ್ಮನಾಗುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಈ ಗತಿ ಬರುವುದು ಸ್ವಲ್ಪ ತಡವಾಗಬಹುದು, ಬಾರದೆ ಇರುವುದಿಲ್ಲ. ದೊಡ್ಡದು ಇದೆಯಲ್ಲ ಅಂತ ಇನ್ನೊಂದು ದೀಪ, ಒಂದು ಫ್ಯಾನ್ ಸೇರಿಕೊಳ್ಳುತ್ತದೆ, ಅಷ್ಟೇ.

"ಹ್ಯಾಂಡಲ್ ಇತ್ತಲ್ದಾ?" ಅಂದರು ಅಣ್ಣ. ಇದೆ, ಸರಿ. ಶಾಂತವಾದ ನೀರಿನಲ್ಲಿ ಇಬ್ಬರು ಗಟ್ಟಿಗರು ಹ್ಯಾಂಡಲ್ ಹಾಕಿ ತಿರುಗಿಸಬಹುದು. ಆದರೆ ಇಂಜಿನ್ ನಿಲ್ಲುವುದು ನಮ್ಮ ಅನುಕೂಲ ನೋಡಿ ಅಲ್ಲ. ಗಂಗೊಳ್ಳಿಯ ಅಳಿವೆ ಬಾಗಿಲು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ, ಐದೂ ಹೊಳೆಯ ನೀರು ಅಲ್ಲಿ ಕಡಲಿಗೆ ನುಗ್ಗುತ್ತದೆ, ಎದುರಿನಿಂದ ಕಡಲಿನ ತೆರೆ, ಅಡಿಯಲ್ಲಿ ಹೂಳು. ಅಲ್ಲಿ ಇಂಜಿನ್ ಒಮ್ಮೆ ಕಟ್ ಆದರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಗೆ ತೆರೆ ಬಡಿದರೆ ಮಗುಚುತ್ತದೆ. ಅಂಥ ಕಡೆ ಹೊಯ್ದಾಡುವ ದೋಣಿಯಲ್ಲಿ ಹ್ಯಾಂಡಲ್ ಹಾಕಲು ನಿಲ್ಲುವುದಾದರೂ ಎಲ್ಲಿ? ಆ ಗಳಿಗೆಯಲ್ಲಿ ಬೇಕಾಗಿರುವುದು ಒಂದೇ, ಕೀ ತಿರುಗಿಸಿದ ಕೂಡಲೇ ಸೆಲ್ಫ್ ಹೊಡೆಯಬೇಕು. ಬಿತ್ತನೆಗೆ ಇಟ್ಟ ಭತ್ತವನ್ನು ಅನ್ನಕ್ಕೆ ತೆಗೆಯದ ಹಾಗೆ ಒಂದು ಬ್ಯಾಟರಿಯನ್ನು ಅದಕ್ಕೇ ಮೀಸಲಿಡಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ, ಇಂಜಿನ್ ಸ್ಟಾರ್ಟ್ ಮಾಡಲು ಕರೆಂಟು ಖರ್ಚಾಗುವುದು ತೀರ ಕಡಿಮೆ. ಸೆಲ್ಫ್ 200 ಆಂಪಿಯರ್ ಎಳೆಯಿತು ಅಂತಲೇ ಇಟ್ಟುಕೊಳ್ಳಿ, 5 ಸೆಕೆಂಡು. ಲೆಕ್ಕ ಹಾಕಿದರೆ 0.28 ಆಂಪಿಯರ್-ಅವರ್, ಅಂದರೆ ಕಾಲಿಗಿಂತ ಸ್ವಲ್ಪ ಮೇಲೆ. ಇಂಜಿನ್ ಓಡಿದ ಕೆಲವೇ ನಿಮಿಷಗಳಲ್ಲಿ ಡೈನಮೊ ಅದನ್ನು ತುಂಬಿಕೊಡುತ್ತದೆ. ಹಾಗಾಗಿ ಸ್ಟಾರ್ಟಿಂಗ್ ಬ್ಯಾಟರಿ ದೊಡ್ಡದಿರಬೇಕೆಂದಿಲ್ಲ, ಒಮ್ಮೆಗೇ ಜೋರು ಕರೆಂಟು ಕೊಡಬೇಕು, ಸದಾ ತುಂಬಿರಬೇಕು. ಅದರೊಳಗೆ ತೆಳ್ಳನೆಯ ಪ್ಲೇಟುಗಳು ಬಹಳ ಇರುತ್ತವೆ. ಅದನ್ನು ಮತ್ತೆ ಮತ್ತೆ ಪೂರ್ತಿ ಇಳಿಸಿದರೆ ಆ ಪ್ಲೇಟುಗಳೇ ಹಾಳಾಗುತ್ತವೆ. ರಾತ್ರಿಯ ದೀಪ, ಜಿಪಿಎಸ್ಸಿಗೆ ಬೇಕಾದದ್ದು ಬೇರೆ ಜಾತಿ: ದಪ್ಪ ಪ್ಲೇಟಿನದ್ದು, ನಿಧಾನವಾಗಿ ಇಳಿದು ನಿಧಾನವಾಗಿ ತುಂಬುವಂಥದ್ದು. ಮನೆಯ ಇನ್ವರ್ಟರಿಗೆ ಇಡುವ ಟ್ಯೂಬ್ಯುಲರ್ ಅದೇ ಜಾತಿ. ಆದರೆ ಎತ್ತರದ ಟ್ಯೂಬ್ಯುಲರನ್ನು ಸಣ್ಣ ದೋಣಿಗೆ ತರಬೇಡಿ. ಭಾರ ಹೆಚ್ಚು, ತೆರೆಗೆ ವಾಲುತ್ತದೆ, ಆಸಿಡ್ ಚೆಲ್ಲುತ್ತದೆ. ಗಿಡ್ಡನೆಯದು ಸಿಗುತ್ತದೆ, ಕೇಳಿ ತರಬೇಕು.

ಎಷ್ಟು ದೊಡ್ಡದು ಅನ್ನುವ ಪ್ರಶ್ನೆಗೆ ಕಣ್ಣಂದಾಜು ಸಾಲದು. ಬೇಲಿಯ ಕಲ್ಲುಕಂಬದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಇಟ್ಟು ಬರೆದೆವು. ಕೆಂಪು-ಬಿಳಿ ಎಲ್ಇಡಿ ದೀಪ ಅರ್ಧ ಆಂಪಿಯರ್, 10 ಗಂಟೆಗೆ 5 ಆಂಪಿಯರ್-ಅವರ್. ಬಲೆ ಎಳೆಯುವಾಗಿನ 20 ವ್ಯಾಟಿನ ದೀಪ 4 ಗಂಟೆಗೆ 7. ಜಿಪಿಎಸ್, ಫಿಶ್ ಫೈಂಡರ್ ಸೇರಿ 10. ವಯರ್‌ಲೆಸ್ ಸುಮ್ಮನೆ ಕೇಳಿಸಿಕೊಂಡಿದ್ದರೆ ರಾತ್ರಿಗೆ 5 (ಮಾತಾಡುವಾಗ ಮಾತ್ರ ಅದು 5-6 ಆಂಪಿಯರ್ ಎಳೆಯುತ್ತದೆ, ಆದರೆ ಎಷ್ಟು ಹೊತ್ತು ಮಾತು?). ಮೊಬೈಲುಗಳಿಗೆ 3. ಒಟ್ಟು 30. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 80 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಅರ್ಧ ಅಂದರೆ 40. ಸಾಕಾಗಿ ಮಿಕ್ಕಿತು. "ಇಷ್ಟೆಯಾ!" ಅಂದರು ಅಣ್ಣ. 150ರ ಮಾತು ಅಲ್ಲಿಗೆ ನಿಂತಿತು.

ಮತ್ತೆ ಜೋಡಣೆ. ಡೈನಮೊ ಒಂದೇ, ಬ್ಯಾಟರಿ ಎರಡು. ಇಂಜಿನ್ ಓಡುವಾಗ ಎರಡಕ್ಕೂ ಚಾರ್ಜ್ ಹೋಗಬೇಕು, ನಿಂತಾಗ ಎರಡೂ ಬೇರೆಯಾಗಬೇಕು. ಹಳೆಯ ಕ್ರಮದಲ್ಲಿ ಇದಕ್ಕೆ ದೊಡ್ಡ ತಿರುಗುವ ಸ್ವಿಚ್ಚು: ಆಫ್, 1, ಎರಡೂ, 2. ಗಟ್ಟಿ ಸಾಮಾನು, ಕಡಿಮೆ ಕ್ರಯ. ಆದರೆ ಪೂರಾ ನಂಬಿಕೆ ತಿರುಗಿಸುವ ಕೈಯ ಮೇಲೆ. ದಕ್ಕೆಯಿಂದ ಹೊರಡುವಾಗ 'ಎರಡೂ'ಗೆ ಇಟ್ಟು, ರಾತ್ರಿ ನಿದ್ದೆಗಣ್ಣಿನಲ್ಲಿ 2ಕ್ಕೆ ತಿರುಗಿಸುವುದು ಮರೆತರೆ ಬೆಳಿಗ್ಗೆ ಎರಡೂ ಖಾಲಿ. ಇನ್ನೊಂದು ಅಪಾಯವೂ ಇದೆ. ಇಂಜಿನ್ ಓಡುತ್ತಿರುವಾಗ ಯಾರಾದರೂ ಅದನ್ನು ಆಫ್‌ಗೆ ತಿರುಗಿಸಿದರೆ ಡೈನಮೊದ ಡಯೋಡು ಸುಟ್ಟುಹೋಗಬಹುದು.

ಡಯೋಡ್ ಐಸೊಲೇಟರ್ ಅಂತ ಒಂದಿದೆ, ಅದು ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ನುಂಗುತ್ತದೆ. ಬ್ಯಾಟರಿ ಯಾವತ್ತೂ ಪೂರ್ತಿ ತುಂಬುವುದಿಲ್ಲ. ನನ್ನ ಒಲವು ವೋಲ್ಟೇಜ್ ನೋಡಿ ತಾನೇ ಸೇರುವ, ತಾನೇ ಬಿಡುವ ರಿಲೇಗೆ. ವಿಎಸ್ಆರ್ ಅನ್ನುತ್ತಾರೆ. ಇಂಜಿನ್ ಸ್ಟಾರ್ಟ್ ಆಗಿ ಸ್ಟಾರ್ಟಿಂಗ್ ಬ್ಯಾಟರಿ 13.3 ವೋಲ್ಟಿನ ಆಸುಪಾಸು ಏರಿದಾಗ ಎರಡನ್ನೂ ಸೇರಿಸುತ್ತದೆ. ಇಂಜಿನ್ ನಿಂತು 12.8ರ ಹತ್ತಿರ ಇಳಿದಾಗ ಬಿಡಿಸುತ್ತದೆ. ಮೊದಲು ತುಂಬುವುದು ಇಂಜಿನ್ನಿನ ಬ್ಯಾಟರಿ, ಆಮೇಲೆ ದೀಪದ್ದು. ಯಾರೂ ಏನೂ ನೆನಪಿಡಬೇಕಾಗಿಲ್ಲ. ಇದರ ಜೊತೆಗೆ ಪ್ರತಿ ಬ್ಯಾಟರಿಗೂ ಒಂದೊಂದು ಆನ್-ಆಫ್ ಸ್ವಿಚ್ಚು, ನಡುವೆ ಆಪತ್ತಿಗೆಂದು ಒಂದು ಸೇರಿಸುವ ಸ್ವಿಚ್ಚು. ಇಷ್ಟಿದ್ದರೆ ಇಂಜಿನ್ನಿನ ಬ್ಯಾಟರಿಯೇ ಸತ್ತ ದಿನವೂ ದೀಪದ ಬ್ಯಾಟರಿಯಿಂದ ಸೆಲ್ಫ್ ಹೊಡೆಯಬಹುದು. ಎರಡರ ಮೈನಸ್ಸೂ ಇಂಜಿನ್ನಿಗೆ ಬಂದು ಸೇರಲೇಬೇಕು, ಅದಕ್ಕೆ ಸ್ವಿಚ್ಚು ಬೇಡ.

ನಾಡದೋಣಿಯವರು, ಔಟ್‌ಬೋರ್ಡ್ ಇಟ್ಟವರು ಒಂದು ಮಾತು ಕೇಳಿಸಿಕೊಳ್ಳಬೇಕು. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಇಂಜಿನ್‌ಗಳಲ್ಲಿ ಹಲವಕ್ಕೆ ಬರೀ ದೀಪದ ಕಾಯಿಲ್ ಇರುತ್ತದೆ, ಅದರಿಂದ ಬರುವುದು ಎಸಿ. ರೆಕ್ಟಿಫೈಯರ್-ರೆಗ್ಯುಲೇಟರ್ ಇಲ್ಲದೆ ಅದನ್ನು ಬ್ಯಾಟರಿಗೆ ಕೊಡುವಂತಿಲ್ಲ. ಅಂಥವರಿಗೆ ಎರಡು ಬ್ಯಾಟರಿ ಬೇಡವೇ ಬೇಡ. ದೀಪಕ್ಕೊಂದು ಇಟ್ಟು ಮನೆಗೆ ತಂದು ಚಾರ್ಜ್ ಮಾಡಿಕೊಂಡರೆ ಸಾಕು.

ದೋಣಿಯ ಕರೆಂಟು ಕೆಡುವುದರಲ್ಲಿ ಬ್ಯಾಟರಿಗಿಂತ ವಯರಿನ ಪಾಲು ಹೆಚ್ಚು. ಅಣ್ಣನ ದೋಣಿಯಿಂದ ಬಿಚ್ಚಿ ತಂದ ಒಂದು ತುಂಡು ವಯರನ್ನು ಬೇಲಿಯ ಮೇಲಿಟ್ಟು ನೋಡಿದೆವು. ಹೊರಗೆ ಪ್ಲಾಸ್ಟಿಕ್ ಹೊಸದರ ಹಾಗೆ ಹೊಳೆಯುತ್ತಿತ್ತು. ತುದಿಗೆ ಒತ್ತಿದ ಲಗ್ಗಿನ ಬುಡದಲ್ಲಿ ಮಾತ್ರ ಹಸಿರು ಹುಡಿ. ಬ್ಲೇಡಿನಿಂದ ಒಂದು ಇಂಚು ಸೀಳಿದರೆ ಒಳಗೆ ತಾಮ್ರ ಕಪ್ಪು. ಇನ್ನೊಂದು ಇಂಚು, ಕಪ್ಪೇ. ಒಂದು ಗೇಣು ಒಳಗೆ ಹೋದ ಮೇಲೆ ತಾಮ್ರದ ಬಣ್ಣ ಕಂಡಿತು. ಉಪ್ಪುನೀರು ಲಗ್ಗಿನ ಸಂದಿಯಿಂದ ಎಳೆಗಳ ನಡುವೆ ಏರಿಕೊಂಡು ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಂಥ ವಯರಿನಲ್ಲಿ ಮೀಟರು 12 ವೋಲ್ಟು ತೋರಿಸುತ್ತದೆ, ಲೋಡು ಹಾಕಿದ ಕೂಡಲೇ ಬಿದ್ದುಹೋಗುತ್ತದೆ. ಬ್ಯಾಟರಿಯದ್ದೇ ತಪ್ಪು ಅಂತ ತಿಳಿದು ಹೊಸ ಬ್ಯಾಟರಿ ತರುತ್ತಾರೆ, ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಆದ್ದರಿಂದ ತವರ ಲೇಪಿಸಿದ ತಾಮ್ರದ ವಯರೇ ಬೇಕು. ಕ್ರಯ ಹೆಚ್ಚು, ಆದರೂ ಬೇಕು. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ದಪ್ಪದ ವಿಷಯದಲ್ಲಿಯೂ ಜಿಪುಣತನ ಬೇಡ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 5 ಆಂಪಿಯರ್ ಕೊಂಡೊಯ್ಯಲು 1 ಚದರ ಎಂಎಂ ವಯರ್ ಹಾಕಿದರೆ ಹೋಗಿ ಬರುವ 10 ಮೀಟರಿನಲ್ಲಿ ಮುಕ್ಕಾಲು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಎರಡೂವರೆಯ ವಯರಿನಲ್ಲಿ ಅದು ಸುಮಾರು 0.35ಕ್ಕೆ ಇಳಿಯುತ್ತದೆ. ಬ್ಯಾಟರಿ ಸ್ವಲ್ಪ ಇಳಿದ ರಾತ್ರಿ ವಯರ್‌ಲೆಸ್ ಕೆಲಸ ಮಾಡುವುದೋ ಬಿಡುವುದೋ ಅನ್ನುವುದು ಈ ಅರ್ಧ ವೋಲ್ಟಿನಲ್ಲೇ ತೀರ್ಮಾನವಾಗುತ್ತದೆ.

ಫ್ಯೂಸು ಬ್ಯಾಟರಿಗೆ ಗೇಣಿನೊಳಗೆ ಇರಬೇಕು. ಮೂರು ಮೀಟರ್ ಆಚೆ ಬೋರ್ಡಿನಲ್ಲಿ ಇಟ್ಟರೆ, ನಡುವಿನ ವಯರು ಎಲ್ಲಾದರೂ ಉಜ್ಜಿ ಶಾರ್ಟಾದಾಗ ಅದು ಏನನ್ನೂ ಕಾಯುವುದಿಲ್ಲ. ಫೈಬರ್ ದೋಣಿ, ಪಕ್ಕದಲ್ಲಿ ಡೀಸೆಲ್ ಟ್ಯಾಂಕು. ದೋಣಿಯ ಬುಡದ ನೀರು ಎತ್ತುವ ಪಂಪಿಗೆ ಮಾತ್ರ ಸ್ವಿಚ್ಚು ದಾಟಿ ನೇರ ವಯರು, ಅದಕ್ಕೇ ಬೇರೆ ಫ್ಯೂಸು. ರಾತ್ರಿ ದಕ್ಕೆಯಲ್ಲಿ ಎಲ್ಲ ಬಂದ್ ಮಾಡಿ ಮನೆಗೆ ಬಂದಾಗ ಮಳೆನೀರು ತುಂಬಿದರೆ ಪಂಪು ತಾನೇ ಓಡಬೇಕು.

"ಬ್ಯಾಟ್ರಿ ಎಲ್ಲಿ ಇಡುದ್?" ಅನ್ನುವುದಕ್ಕೆ ಅಣ್ಣನಿಗೆ ಖಂಡಿತವಾಗಿ ಹೇಳಿದ್ದು, ನೀರು ಮುಟ್ಟದ ಎತ್ತರದಲ್ಲಿ. ಉಪ್ಪುನೀರು ಬ್ಯಾಟರಿಯೊಳಗೆ ಹೋದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಜಾಗದಲ್ಲಿ ಅದು ವಿಷ. ಚಾರ್ಜ್ ಆಗುವಾಗ ಬರುವುದು ಹೈಡ್ರೋಜನ್, ಒಂದು ಕಿಡಿ ಸಾಕು. ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಗಾಳಿಗೆ ದಾರಿ, ಪಟ್ಟಿಯಿಂದ ಬಿಗಿಯಾಗಿ ಕಟ್ಟು. ಎರಡೂ ಕೈಯಿಂದ ಎಳೆದರೂ ಕದಲಬಾರದು. ಅಷ್ಟು ಬಿಗಿ ಇರದಿದ್ದರೆ ಅಳಿವೆ ಬಾಗಿಲಲ್ಲಿ ಅದು ಕದಲಿಯೇ ಕದಲುತ್ತದೆ.

ಲಿಥಿಯಂ ಬಗ್ಗೆಯೂ ಕೇಳಿದರು. ಹಗುರ, ಆಯುಸ್ಸು ಹೆಚ್ಚು, ಆದರೆ ಕ್ರಯ ದೊಡ್ಡದು. ಲೆಡ್-ಆಸಿಡ್ ಜೊತೆ ನೇರ ಸೇರಿಸುವಂತಿಲ್ಲ, ಸಣ್ಣ ಡೈನಮೊವನ್ನು ಅದು ಕಾಯಿಸಿ ಸುಡಬಹುದು. ನಮ್ಮ ಗಾತ್ರದ ದೋಣಿಗೆ ಸದ್ಯ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಬ್ಯಾಟರಿ ಬಂತಲ್ಲ ಅಂತ ಮೀನು ಸೆಳೆಯಲು ಲೈಟು ಹಾಕುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ಬಿಟ್ಟುಬಿಡಿ. ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಆ ಬೆಳಕಿಗೆ ದೊಡ್ಡ ಮೀನಿನ ಜೊತೆ ಮರಿಯೂ ಬರುತ್ತದೆ. ನಷ್ಟ ನಮ್ಮಂಥ ಸಣ್ಣ ದೋಣಿಯವರಿಗೇ.

ಈಗ ದೋಣಿಗಳಿಗೆ ಉಪಗ್ರಹದ ಟ್ರಾನ್ಸ್‌ಪಾಂಡರ್ ಬರುತ್ತಿದೆ. ದೇಶದಲ್ಲಿ 1 ಲಕ್ಷ ದೋಣಿಗಳಿಗೆ ಅದನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಅದರಲ್ಲಿ ಸಂದೇಶ ಕಳಿಸಬಹುದು. ಒಳ್ಳೆಯ ಕೆಲಸ. ಆದರೆ ದೋಣಿಯಲ್ಲಿ ಕರೆಂಟು ಸದಾ ಇರಬೇಕಾದ ಕಾರಣ ಇನ್ನೊಂದು ಹೆಚ್ಚಾಯಿತು.

ದೋಣಿ ಇರುವವರೆಲ್ಲ ಆಗಸ್ಟ್ 1ರ ಮೊದಲು ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ಚಾರ್ಜ್ ಮಾಡಿದ ಬ್ಯಾಟರಿಯನ್ನು ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಿಗ್ಗೆ ನೋಡಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಅಷ್ಟೇ ನಿಂತರೆ ಆ ಬ್ಯಾಟರಿಯನ್ನು ನಂಬಿ ಅಳಿವೆ ದಾಟಬೇಡಿ. ಇಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಬರಬೇಕು, ಬರದಿದ್ದರೆ ಡೈನಮೊ ಬಿಚ್ಚಿಸಿ. ವಯರ್‌ಲೆಸ್ಸಿನಲ್ಲಿ 16ನೇ ಚಾನೆಲ್, ಕೋಸ್ಟ್ ಗಾರ್ಡಿನ ನಂಬರು 1554, ಎರಡನ್ನೂ ಬಣ್ಣದಲ್ಲಿ ದೋಣಿಯ ಒಳಬದಿಗೆ ದೊಡ್ಡದಾಗಿ ಬರೆಸಿ.